ಅಳಲು ಬಿಡದ ನಂಬಿಕೆ, ಅಳಲು ಬಿಟ್ಟ ನಿರೀಕ್ಷೆ: ಮಗಳನ್ನು ಕಳೆದುಕೊಂಡ ತಂದೆಯೊಬ್ಬರ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ದಂಪತಿಯ ಲಿಖಿತ ಒಪ್ಪಿಗೆ ಪಡೆದಿದ್ದೇನೆ. ಅವರ ಗುರುತು ಸಿಗಬಹುದಾದ ಸಂಗತಿಗಳಲ್ಲಿ ಕೆಲವನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಾಯಿಸಿದ್ದೇನೆ. ಇಬ್ಬರನ್ನೂ ಇಲ್ಲಿ ತಂದೆ, ತಾಯಿ ಎಂದೇ ಕರೆಯುತ್ತೇನೆ.

ತಂದೆಗೆ ಅರವತ್ತರ ಆಸುಪಾಸಿನ ವಯಸ್ಸು. ಅವರು ತಮ್ಮ ಕ್ರೈಸ್ತ ಸಭೆಯ ಹಿರಿಯರಲ್ಲೊಬ್ಬರು. ಸಭೆಯಲ್ಲಿ ಯಾರು ತೀರಿಕೊಂಡರೂ ಸಮಾಧಿಯ ಬಳಿ ನಿಂತು, ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ, ಸತ್ತವರು ಮತ್ತೆ ಎದ್ದುಬರುವರೆಂದು ಸಾರುವ 15ನೆಯ ಅಧ್ಯಾಯವನ್ನು ಓದಿ, ಮನೆಯವರಿಗೆ ಧೈರ್ಯ ಹೇಳುತ್ತಿದ್ದವರು. ಅವರ ಮಗಳು ಮೂವತ್ತು ತುಂಬುವ ಮೊದಲೇ ಕ್ಯಾನ್ಸರ್‌ನಿಂದ ತೀರಿಕೊಂಡಳು. ಒಂದು ವರ್ಷ ಕಳೆದ ಮೇಲೂ ಅವರಿಗೆ ನಿದ್ರೆ ಬರುತ್ತಿರಲಿಲ್ಲ. ಮಗಳ ಕೋಣೆಗೆ ಬೀಗ ಹಾಕಿ ಕೀಲಿಯನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಹೆಂಡತಿಯೊಡನೆ ಮಾತು ಬರಬರುತ್ತಾ ನಿಂತುಹೋಗಿತ್ತು. ಆರಾಧನೆಯಲ್ಲಿ ಎಲ್ಲರೂ ತಮ್ಮ ನಂಬಿಕೆಯನ್ನು ಸಾರುವ ವಿಶ್ವಾಸಪ್ರಮಾಣವನ್ನು ಒಟ್ಟಿಗೆ ಹೇಳುವಾಗ ಶರೀರದ ಪುನರುತ್ಥಾನದ, ಅಂದರೆ ಸತ್ತವರು ಮತ್ತೆ ಎದ್ದುಬರುವ, ಮಾತು ಬಂದೊಡನೆ ಅವರ ಬಾಯಿ ಕಟ್ಟಿಹೋಗುತ್ತಿತ್ತು. ಸಭಾಪಾಲಕರೇ ಅವರನ್ನು ಆಪ್ತಸಮಾಲೋಚನೆಗಾಗಿ ನನ್ನ ಬಳಿಗೆ ಕಳುಹಿಸಿದರು. ನಂಬಿಕೆ ಹೋಯಿತೇ ಎಂದು ನಾನು ಕೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, "ನಂಬಿಕೆ ಇದೆ. ಅದನ್ನು ಬಾಯಲ್ಲಿ ಹೇಳುವ ಯೋಗ್ಯತೆ ನನಗಿಲ್ಲ" ಎಂದರು.

ಮೊದಲ ಭೇಟಿಗಳಲ್ಲಿ ನಾನು ಧರ್ಮದ ವಿಚಾರವನ್ನು ನಾನಾಗಿ ಎತ್ತಲಿಲ್ಲ. ದುಃಖವು ದೀರ್ಘಕಾಲ ಅದೇ ತೀವ್ರತೆಯಲ್ಲಿ ಉಳಿದು ದಿನನಿತ್ಯದ ಬದುಕನ್ನು ಅಸಾಧ್ಯಗೊಳಿಸಿದಾಗ ಅದನ್ನು ವೈದ್ಯಕೀಯವಾಗಿಯೂ ಗಮನಿಸಬೇಕಾಗುತ್ತದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿಯು, ಸಾವು ಸಂಭವಿಸಿ ಕನಿಷ್ಠ 6 ತಿಂಗಳು ಕಳೆದರೂ ಹೀಗೆಯೇ ಉಳಿದು, ಆ ವ್ಯಕ್ತಿಯ ಸಮಾಜ, ಸಂಸ್ಕೃತಿ, ಧರ್ಮಗಳ ರೂಢಿಯನ್ನು ಸ್ಪಷ್ಟವಾಗಿ ಮೀರಿದ ದುಃಖವನ್ನು ಪ್ರತ್ಯೇಕ ಸ್ಥಿತಿಯೆಂದು ಗುರುತಿಸುತ್ತದೆ. ಆದ್ದರಿಂದ ಅವರನ್ನು ಮನೋವೈದ್ಯರಲ್ಲಿಗೂ ಕಳುಹಿಸಿದೆ. ಪ್ರಾರ್ಥಿಸುವವರಿಗೆ ಔಷಧಿ ಏಕೆ ಎಂಬ ಅಳುಕು ಅವರಲ್ಲಿತ್ತು. ಮಗಳಿಗೆ ಕೊಡಿಸಿದ ಚಿಕಿತ್ಸೆಯನ್ನು ಅವರು ಎಂದೂ ನಂಬಿಕೆಯ ಕೊರತೆಯೆಂದು ಎಣಿಸಿರಲಿಲ್ಲವೆಂಬುದನ್ನು ನೆನಪಿಸಿದ ಮೇಲೆ ಒಪ್ಪಿಕೊಂಡರು.

ಒಂದು ಮಾತು ನನ್ನನ್ನು ವಿಶೇಷವಾಗಿ ಎಚ್ಚರಿಸಿತು. "ಬೇಗ ಅವಳ ಹತ್ತಿರ ಹೋಗಿಬಿಟ್ಟರೆ ಸಾಕು" ಎಂದು ಅವರು ಮೆಲ್ಲಗೆ ಹೇಳಿದ್ದರು. ಭಕ್ತರ ಬಾಯಲ್ಲಿ ಇಂಥ ಮಾತು ಬಂದಾಗ ಅದನ್ನು ಪರಲೋಕದ ನಿರೀಕ್ಷೆಯೆಂದು ಎಣಿಸಿ ಸುಮ್ಮನಾಗುವವರುಂಟು. ಹಾಗೆ ಮಾಡುವುದು ಅಪಾಯಕರವೆಂದು ನಾನು ದೃಢವಾಗಿ ಹೇಳುತ್ತೇನೆ. ಜೀವ ತೆಗೆದುಕೊಳ್ಳುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಿದೆ. ಯೋಜನೆಯೇನೂ ಇರಲಿಲ್ಲ, ಬದುಕುವ ಆಸೆ ಮಾತ್ರ ಬತ್ತಿತ್ತು. ಅಂಥ ಯೋಚನೆ ಬಂದರೆ ಯಾರಿಗೆ ತಿಳಿಸಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಅಂದೇ ಬರೆದುಕೊಂಡೆವು. ಮರುಭೇಟಿಯಲ್ಲಿ ಅವರು ತಾವಾಗಿ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯವನ್ನು ತೆರೆದರು. ಸೆರೆಯಲ್ಲಿದ್ದ ಪೌಲನು, ಹೊರಟುಹೋಗಿ ಕ್ರಿಸ್ತನೊಡನೆ ಇರುವುದು ತನಗೆ ಉತ್ತಮವೆಂದರೂ ಈ ಶರೀರದಲ್ಲಿ ಉಳಿದಿರುವುದು ನಿಮಗೋಸ್ಕರ ಹೆಚ್ಚು ಅಗತ್ಯವೆಂದು ಬರೆಯುತ್ತಾನೆ. ಆ ವಚನಗಳ ಮೊದಲ ಅರ್ಧವನ್ನಷ್ಟೇ ತಾವು ಇದುವರೆಗೆ ಓದಿಕೊಂಡಿದ್ದೆವೆಂದು ಅವರೇ ಹೇಳಿದರು.

ಯೋಗ್ಯತೆಯ ಪ್ರಶ್ನೆ ಬಿಡಿಸಿಕೊಳ್ಳಲು ಇನ್ನೂ ಸಮಯ ಹಿಡಿಯಿತು. ಕೊನೆಯ ತಿಂಗಳುಗಳಲ್ಲಿ ಮಗಳು, "ಅಪ್ಪಾ, ನಾನು ಉಳಿಯುವುದಿಲ್ಲ ಅನ್ನಿಸುತ್ತದೆ, ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕು" ಎಂದು ಹಲವು ಸಲ ಹೇಳಿದ್ದಳು. ಪ್ರತಿ ಸಲವೂ ತಂದೆ, "ಹಾಗೆ ಮಾತಾಡಬೇಡ, ಅದು ಅವಿಶ್ವಾಸದ ಮಾತು, ಕರ್ತನು ನಿನ್ನನ್ನು ಗುಣಪಡಿಸುತ್ತಾನೆ" ಎಂದು ಅವಳ ಬಾಯಿ ಮುಚ್ಚಿಸಿದ್ದರು. ಅವಳು ಹೇಳಬೇಕೆಂದಿದ್ದ ಮಾತು ಅವಳೊಂದಿಗೇ ಮಣ್ಣಾಯಿತು ಎಂಬುದು ಅವರ ಎದೆಯಲ್ಲಿ ಚುಚ್ಚಿಕೊಂಡಿದ್ದ ಮುಳ್ಳು. ಸಮಾಧಿಯ ಬಳಿ ಎಷ್ಟೋ ಜನರಿಗೆ ಸಾವಿನ ಮೇಲಣ ಜಯವನ್ನು ಸಾರಿದ ತಾವು, ಸ್ವಂತ ಮಗಳ ಬಾಯಲ್ಲಿ ಸಾವು ಎಂಬ ಶಬ್ದವನ್ನು ಕೇಳಲಾರದೆ ಹೋದದ್ದರಿಂದ, ತಮ್ಮ ನಂಬಿಕೆಯೇ ಬರೀ ಬಾಯಿಮಾತಾಗಿತ್ತೆಂದು ಅವರು ತೀರ್ಮಾನಿಸಿಕೊಂಡಿದ್ದರು.

ಸಭೆಯ ಜನರೂ ಅರಿಯದೆಯೇ ಈ ನೋವನ್ನು ಹೆಚ್ಚಿಸಿದ್ದರು. "ಅವಳು ಕರ್ತನ ಬಳಿ ಇದ್ದಾಳೆ, ಅಳುವುದೇಕೆ?" ಎಂದು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ತಾಯಿ ಎದುರಿಗೇ ಅಳುತ್ತಿದ್ದುದರಿಂದ ತಂದೆ ಅವರಿಂದ ದೂರ ಸರಿದಿದ್ದರು. ಪುನರುತ್ಥಾನದ ನಿರೀಕ್ಷೆಯು ಕಣ್ಣೀರಿಗೆ ಹಾಕಿದ ಬೀಗವೆಂಬ ಈ ಗ್ರಹಿಕೆ ವಿಶ್ವಾಸಿಗಳ ನಡುವೆ ವ್ಯಾಪಕವಾಗಿದೆ, ಮತ್ತು ಅದಕ್ಕೆ ಸತ್ಯವೇದದಲ್ಲಿ ಆಧಾರವಿಲ್ಲ. ನಾನು ಅವರಿಗೆ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ಬರಲು ಹೇಳಿದೆ. ತಮ್ಮನಾದ ಲಾಜರನು ಕಡೆಯ ದಿನದಲ್ಲಿ ಎದ್ದುಬರುವನೆಂದು ಮಾರ್ಥಳು ಬಲ್ಲಳು. ಯೇಸುವಾದರೋ ಸ್ವಲ್ಪ ಹೊತ್ತಿನಲ್ಲಿಯೇ ಅವನನ್ನು ಎಬ್ಬಿಸಲಿದ್ದಾನೆ. ಆದರೂ ಸಮಾಧಿಗೆ ಹೋಗುವ ದಾರಿಯಲ್ಲಿ ಆತನು ಅಳುತ್ತಾನೆ. ಫಲ ಏನೆಂದು ತಿಳಿದಿದ್ದವನೇ ಅತ್ತನೆಂದ ಮೇಲೆ ಅಳುವನ್ನು ಅವಿಶ್ವಾಸವೆಂದು ಹೇಳುವ ಅಧಿಕಾರ ಯಾರಿಗಿದೆ? ಪೌಲನೂ ಥೆಸಲೊನೀಕದವರಿಗೆ ಬರೆಯುವಾಗ, ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರೆಂದನೇ ಹೊರತು ದುಃಖಿಸಲೇಬೇಡಿರೆಂದು ಹೇಳಲಿಲ್ಲ. ಇಷ್ಟೇ ಅಲ್ಲ, ತನ್ನ ಜೊತೆಕೆಲಸದವನಾದ ಎಪಫ್ರೊದೀತನು ಸಾಯುವ ಸ್ಥಿತಿಗೆ ಬಂದು ಗುಣಹೊಂದಿದಾಗ, ದುಃಖದ ಮೇಲೆ ದುಃಖ ಬಾರದಂತೆ ದೇವರು ತನ್ನನ್ನು ಕರುಣಿಸಿದನೆಂದು ಅದೇ ಪೌಲನು ಹೇಳಿಕೊಳ್ಳುತ್ತಾನೆ. ಸಾವನ್ನು ಕಡೆಯ ಶತ್ರುವೆಂದು ಕರೆದವನು ಅವನು. ಶತ್ರುವಿನ ಪೆಟ್ಟು ತಿಂದವರಿಗೆ ನೋವಾಗುವುದಿಲ್ಲವೆಂದು ಅವನು ಎಲ್ಲಿಯೂ ಬರೆಯಲಿಲ್ಲ.

ಅಪರಾಧಭಾವದ ವಿಷಯದಲ್ಲಿ ನಾನು ಬೇರೆ ದಾರಿ ಹಿಡಿಯಬೇಕಾಯಿತು. "ನೀವು ತಪ್ಪು ಮಾಡಲಿಲ್ಲ, ಪ್ರೀತಿಯಿಂದಲೇ ಹಾಗೆ ಮಾಡಿದಿರಿ" ಎಂದು ಸಮಾಧಾನಪಡಿಸುವುದು ಸುಲಭ. ಅವರು ಅದನ್ನು ಬೇಕಾದಷ್ಟು ಕೇಳಿದ್ದರು, ಅದು ಅವರೊಳಗೆ ಇಳಿದಿರಲಿಲ್ಲ, ಏಕೆಂದರೆ ಪ್ರೀತಿಯಿಂದ ಮಾಡಿದ ತಪ್ಪೂ ತಪ್ಪೇ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಸಾವಿನಿಂದ ಎದ್ದ ಕ್ರಿಸ್ತನು ಯಾರು ಯಾರಿಗೆ ಕಾಣಿಸಿಕೊಂಡನೆಂದು ನೋಡೋಣವೆಂದೆ. ಮೂರು ಸಲ ಆತನನ್ನು ಅರಿಯೆನೆಂದ ಪೇತ್ರ, ಬಿಟ್ಟು ಓಡಿಹೋದ ಶಿಷ್ಯರು, ಗಾಯಗಳನ್ನು ಮುಟ್ಟದೆ ನಂಬುವುದಿಲ್ಲವೆಂದ ತೋಮ, ಆತನು ಬದುಕಿದ್ದಾಗ ನಂಬದೆ ಇದ್ದ ಸಹೋದರರಲ್ಲೊಬ್ಬನಾದ ಯಾಕೋಬ, ಸಭೆಯನ್ನು ಹಿಂಸಿಸಿದ ಪೌಲ. ಕೊನೆಯವರೆಗೂ ನಿಂತ ಮಗ್ದಲದ ಮರಿಯಳಂಥ ಸ್ತ್ರೀಯರನ್ನು ಬಿಟ್ಟರೆ, ಆ ಪಟ್ಟಿಯಲ್ಲಿ ಹೆಚ್ಚಿನವರು ಪ್ರೀತಿಸಿದವನ ವಿಷಯದಲ್ಲಿ ಸೋತವರೇ. ಆತನು ಸತ್ತೇ ಉಳಿದಿದ್ದರೆ ಅವರ ಸೋಲೇ ಆ ಸಂಬಂಧದ ಕಡೆಯ ಮಾತಾಗಿ ಉಳಿಯುತ್ತಿತ್ತು.

ಪೇತ್ರನ ಪ್ರಸಂಗವನ್ನು ನಾವು ಹಲವು ಭೇಟಿಗಳಲ್ಲಿ ಮತ್ತೆ ಮತ್ತೆ ಓದಿದೆವು. ಅವನು ಯೇಸುವನ್ನು ಅಲ್ಲಗಳೆದದ್ದು ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಿದ್ದಾಗ; ಪುನರುತ್ಥಾನದ ನಂತರ ಸಮುದ್ರತೀರದಲ್ಲಿ ಯೇಸು ಅವನನ್ನು ಮಾತಾಡಿಸಿದ್ದೂ ಅಂಥದೇ ಬೆಂಕಿಯ ಬಳಿ. "ನೀನು ನನ್ನನ್ನು ಪ್ರೀತಿಸುತ್ತೀಯೋ?" ಎಂಬ ಪ್ರಶ್ನೆಯನ್ನು ಮೂರು ಸಲ ಕೇಳಲಾಗುತ್ತದೆ, ಮೂರನೆಯ ಸಲ ಪೇತ್ರನಿಗೆ ನೋವಾಗುತ್ತದೆ. ಅಲ್ಲಿ ತಪ್ಪನ್ನು ಯಾರೂ ಮರೆಮಾಚುವುದಿಲ್ಲ, ಕ್ಷಮೆಯ ದೀರ್ಘ ಭಾಷಣವೂ ಇಲ್ಲ. ಕುರಿಗಳನ್ನು ಮೇಯಿಸು ಎಂಬ ಕೆಲಸವಿದೆ. ಇದನ್ನು ಓದಿದ ದಿನ ತಂದೆ ನನ್ನೆದುರು ಮೊದಲ ಬಾರಿ ಜೋರಾಗಿ ಅತ್ತರು. ಆಮೇಲೆ ಕೇಳಿದ ಪ್ರಶ್ನೆ ಇದು: "ಹಾಗಾದರೆ ಅವಳ ಜೊತೆಗಿನ ನನ್ನ ಮಾತು ಮುಗಿದಿಲ್ಲವೇ?" ಕ್ರೈಸ್ತ ನಂಬಿಕೆಯ ಪ್ರಕಾರ ಮುಗಿದಿಲ್ಲ ಎಂದೆ. ಸತ್ತವರು ಎಬ್ಬಿಸಲ್ಪಡುವರೆಂಬುದರ ಅರ್ಥ, ನಾವು ಅರ್ಧಕ್ಕೆ ನಿಲ್ಲಿಸಿದ ಪ್ರೀತಿಯೂ ದೇವರ ಕೈಯಲ್ಲಿದೆ ಎಂಬುದೇ ಆಗಿದೆ. ಈ ಮಾತನ್ನು ನಾನು ವೃತ್ತಿಯ ಉಪಾಯವಾಗಿ ಹೇಳಲಿಲ್ಲ, ನಾನೂ ಅದನ್ನು ನಂಬುತ್ತೇನೆ; ಆದರೆ ಆ ನಂಬಿಕೆ ಇಲ್ಲದವರು ಬಂದಾಗ ಅದನ್ನು ಅವರ ಮೇಲೆ ಹೇರುವುದಿಲ್ಲ.

ಅನಂತರ ತಾಯಿಯನ್ನೂ ಕರೆಸಿದೆ. ಮಗಳ ಬಾಯಿ ಮುಚ್ಚಿಸಿದ್ದನ್ನು ತಂದೆ ಅವರೆದುರು ಒಪ್ಪಿಕೊಂಡಾಗ ತಾಯಿ ಬಹಳ ಹೊತ್ತು ತಲೆ ತಗ್ಗಿಸಿ ಕುಳಿತು, ಮಗಳು ಆ ಮಾತುಗಳನ್ನೆಲ್ಲ ತನ್ನ ಬಳಿ ಆಡಿದ್ದಳೆಂದರು. ರಾತ್ರಿ ತಂದೆ ಮಲಗಿದ ಮೇಲೆ ತಾಯಿ ಮಗಳಿಬ್ಬರೂ ಸಾವಿನ ಬಗ್ಗೆ ಮಾತಾಡುತ್ತಿದ್ದರು. "ಅಪ್ಪನಿಗೆ ಇದನ್ನು ಕೇಳುವುದಕ್ಕೆ ಆಗುವುದಿಲ್ಲ, ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಮ್ಮ" ಎಂದು ಮಗಳೇ ಹೇಳಿದ್ದಳಂತೆ. ಇದನ್ನು ಹೇಳಿದರೆ ಗಂಡ ತನ್ನನ್ನೂ ಅವಿಶ್ವಾಸಿಯೆನ್ನುವರೆಂಬ ಭಯದಿಂದ ಅವರು ವರ್ಷಕ್ಕೂ ಮೀರಿ ಆ ಮಾತನ್ನು ಒಳಗೇ ಇಟ್ಟುಕೊಂಡಿದ್ದರು. ತಂದೆಗೆ ಅದರಿಂದ ಸಮಾಧಾನವೂ ಆಯಿತು, ತಾವು ಕಳೆದುಕೊಂಡದ್ದು ಎಷ್ಟೆಂಬುದು ತಿಳಿದು ಹೊಸ ನೋವೂ ಆಯಿತು. ಮುಂದಿನ ಕೆಲವು ವಾರಗಳು ಮೊದಲಿಗಿಂತ ಕಠಿಣವಾಗಿದ್ದವು.

ನಾನು ಕೊಟ್ಟ ಸಲಹೆಗಳು ಸರಳವಾದವು. ಮಗಳ ಕೋಣೆಯ ಬೀಗವನ್ನು ತೆಗೆಯುವ ದಿನವನ್ನು ಇಬ್ಬರೂ ಸೇರಿ ನಿರ್ಧರಿಸಬೇಕು, ಒಬ್ಬರೇ ತೆಗೆಯಬಾರದು. ಪ್ರತಿ ಸಂಜೆ ಸ್ವಲ್ಪ ಹೊತ್ತು ತಾಯಿ ಮಗಳ ಮಾತುಗಳನ್ನು ನೆನೆದು ಹೇಳಬೇಕು, ತಂದೆ ಉತ್ತರಿಸದೆ, ವಚನ ಹೇಳದೆ ಕೇಳಬೇಕು. ಅಂದು ಕೇಳದೆ ಹೋದ ಕಿವಿಗೆ ಇದೇ ಅಭ್ಯಾಸ. ಕ್ಷಮೆ ಕೇಳಿ ಮಗಳಿಗೊಂದು ಪತ್ರ ಬರೆದು, ಅದನ್ನು ದೇವರ ಮುಂದೆ ಪ್ರಾರ್ಥನೆಯಾಗಿ ಓದಬೇಕು. ಸಮಾಧಿಯ ಬಳಿ ಮಾತಾಡುವ ಜವಾಬ್ದಾರಿಯನ್ನು ಕೆಲವು ಕಾಲ ಬೇರೆಯವರಿಗೆ ಬಿಡಬೇಕು. ವಿಶ್ವಾಸಪ್ರಮಾಣದ ಆ ಸಾಲು ಬಾಯಿಗೆ ಬಾರದಿದ್ದರೆ ಬಲವಂತ ಮಾಡಬಾರದು. ಸುತ್ತಲಿನವರು ಅದನ್ನು ಹೇಳುತ್ತಿರುವಾಗ ಅವರ ನಡುವೆ ನಿಂತಿದ್ದರೆ ಸಾಕು, ಸಭೆ ಇರುವುದು ಇದಕ್ಕಾಗಿಯೂ ಹೌದು. ಸಭಾಪಾಲಕರಿಗೆ, ದಂಪತಿಯ ಒಪ್ಪಿಗೆಯೊಂದಿಗೆ, ಸಮಾಧಾನ ಹೇಳಲು ಹೋಗುವವರು ಸುಮ್ಮನೆ ಜೊತೆಯಲ್ಲಿ ಕುಳಿತು ಬರುವುದನ್ನು ಕಲಿಸುವಂತೆ ತಿಳಿಸಿದೆ.

ಬದಲಾವಣೆ ಒಮ್ಮೆಗೇ ಬರಲಿಲ್ಲ. ನಿದ್ರೆ ಮೊದಲು ಸುಧಾರಿಸಿತು. ಮಾತು ಮರಳಿತು, ಅದರೊಂದಿಗೆ ಜಗಳವೂ ಮರಳಿತು; ಅದು ನನಗೆ ಒಳ್ಳೆಯ ಲಕ್ಷಣವಾಗಿಯೇ ಕಂಡಿತು. ಅವರ ನಂಬಿಕೆ ನಿಜಕ್ಕೂ ಅವರನ್ನು ಬದಲಾಯಿಸುತ್ತಿದೆಯೆಂದು ನನಗೆ ಖಚಿತವಾದದ್ದು ಬೇರೊಂದು ಸಂಗತಿಯಿಂದ. ಸಭೆಯಲ್ಲಿ ಗುಣವಾಗದ ಕಾಯಿಲೆಯಿಂದ ಮಲಗಿದ್ದ ಒಬ್ಬ ಹಿರಿಯರನ್ನು ನೋಡಲು ಅವರು ಹೋಗಿದ್ದರು. ಆ ಹಿರಿಯರು "ನಾನು ಸಾಯುತ್ತಿದ್ದೇನೆ, ನನಗೆ ಭಯವಾಗುತ್ತಿದೆ" ಎಂದರಂತೆ. ಇವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಹೇಳಿ, ಕೇಳುತ್ತೇನೆ" ಎಂದರಂತೆ. ಸಾವೇ ಕೊನೆಯೆಂದು ನಂಬಿದ್ದರೆ ಆ ಮಾತನ್ನು ಕೇಳುತ್ತಾ ಅಲ್ಲಿ ಕೂರಲು ತಮಗೆ ಸಾಧ್ಯವಾಗುತ್ತಿರಲಿಲ್ಲ ಎಂದು ಅವರು ನನಗೆ ಹೇಳಿದರು. ಈಗ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದಾರೆ.

ಮನೋವೈದ್ಯರು ಔಷಧಿಯ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸುತ್ತಿದ್ದಾರೆ. ನಮ್ಮ ಭೇಟಿಗಳು ಈಗ ತಿಂಗಳಿಗೊಂದಾಗಿವೆ. ಮಗಳು ತೀರಿಕೊಂಡ ದಿನ ಮತ್ತೆ ಹತ್ತಿರ ಬರುತ್ತಿದ್ದು, ಆ ವಾರ ದುಃಖ ಉಲ್ಬಣಿಸಬಹುದೆಂದು ಇಬ್ಬರಿಗೂ ಮೊದಲೇ ತಿಳಿಸಿದ್ದೇನೆ. ಸಮಾಧಿಯ ಬಳಿ ಸೇರುವವರಿಗೆ ಈ ಸಲ ಮಗಳ ಬಗ್ಗೆ ನಾಲ್ಕು ಮಾತು ಹೇಳುವವರು ತಾಯಿ. ತಂದೆ 15ನೆಯ ಅಧ್ಯಾಯವನ್ನು ಓದಲು ಪ್ರಯತ್ನಿಸುತ್ತಾರೆ, ನಡುವೆ ಗಂಟಲು ಕಟ್ಟಿದರೆ ಉಳಿದದ್ದನ್ನು ಸಭಾಪಾಲಕರು ಓದುತ್ತಾರೆಂದು ಮಾತಾಗಿದೆ.