ಶ್ಯಾಡೋಗ್ರಾಫ್ ಚಿತ್ರದಲ್ಲಿ ಬಿಳಿ ಪಟ್ಟೆ ಅಂದರೆ ಬಿಸಿ ಜಾಗವೇ?

ತೆಳುವಾದ ದ್ರವದ ಪದರವನ್ನು ಕೆಳಗಿನಿಂದ ಕಾಯಿಸಿ, ಮೇಲಿಂದ ಬೆಳಕು ಹಾಯಿಸಿ ತೆಗೆದ ನೆರಳಿನ ಚಿತ್ರದಲ್ಲಿ, ಅಂದರೆ ಶ್ಯಾಡೋಗ್ರಾಫ್‌ನಲ್ಲಿ, ಬಿಳಿ ಪಟ್ಟೆ ಬಿಸಿ ಜಾಗವಾ ಎಂದು ಕೇಳಿದ್ದೀರಿ. ಅಲ್ಲ. ಸಾಮಾನ್ಯವಾಗಿ ಅದು ತಣ್ಣಗಾಗಿ ಕೆಳಗಿಳಿಯುವ ಜಾಗ. ಕಪ್ಪು ಪಟ್ಟೆಯಲ್ಲಿ ಬಿಸಿ ದ್ರವ ಮೇಲೇರುತ್ತಿರುತ್ತದೆ.

ಚಿಕ್ಕಮಗಳೂರಿನ ನಮ್ಮ ಅಡುಗೆಮನೆಗೆ ಬೆಳಿಗ್ಗೆ ಎಳೆ ಬಿಸಿಲು ನೇರವಾಗಿ ಬೀಳುತ್ತದೆ. ಕಾಫಿಗೆ ನೀರಿಟ್ಟಾಗ ಎದುರಿನ ಬಿಳಿ ಗೋಡೆ ನೋಡಬೇಕು! ಒಲೆಯ ಮೇಲಿನ ಬಿಸಿ ಗಾಳಿಯ ನೆರಳು ನಡುಗುತ್ತಾ ಏರುತ್ತದೆ. ನಡುವೆ ಮಬ್ಬು, ಅಂಚಿನಲ್ಲಿ ಬೆಳ್ಳಗಿನ ಗೆರೆ. ಬಿಸಿಯಾದ ಗಾಳಿಯ ಸಾಂದ್ರತೆ ಕಡಿಮೆ, ಅದು ಬೆಳಕನ್ನು ಬಗ್ಗಿಸುವುದೂ ಕಡಿಮೆ. ಹಾಗಾಗಿ ಕಿರಣಗಳು ತಣ್ಣಗಿನ ಕಡೆಗೆ ಬಾಗಿ ಅಲ್ಲಿ ಗುಂಪುಗೂಡುತ್ತವೆ. ದ್ರವದಲ್ಲೂ ಇದೇ ಆಗುವುದು.

ಆದರೆ ಹೊಳಪನ್ನು ಸುಮ್ನೆ ಉಷ್ಣತೆ ಅಂತ ಓದಬೇಡಿ. ನೆರಳು ಬೀಳುವ ಪರದೆ ದ್ರವದಿಂದ ಜಾಸ್ತಿ ದೂರವಿದ್ದರೆ ಕಿರಣಗಳು ಒಂದನ್ನೊಂದು ದಾಟಿ, ಬಿಳಿ ಗೆರೆ ಎರಡಾಗಿ ಸೀಳಿಕೊಳ್ಳುತ್ತದೆ. ಅದನ್ನು ಎರಡು ಹರಿವು ಎಂದು ಎಣಿಸಿದರೆ ಲೆಕ್ಕವೇ ತಪ್ಪುತ್ತದೆ. ಪರದೆಯನ್ನು ಹತ್ತಿರ ತಂದು ಇನ್ನೊಂದು ಚಿತ್ರ ತೆಗೆಯಿರಿ.

ಅಳತೆಯಿಂದಲೂ ಪರೀಕ್ಷಿಸಬಹುದು. ಮೇಲೂ ಕೆಳಗೂ ತಟ್ಟೆಯಿದ್ದು ಹರಿವು ಆಗತಾನೇ ಶುರುವಾಗಿದ್ದರೆ, ಒಂದು ಕಪ್ಪು ಪಟ್ಟೆಯಿಂದ ಮುಂದಿನದಕ್ಕೆ ಪದರದ ಆಳದ ಸುಮಾರು 2 ಪಟ್ಟು ದೂರವಿರುತ್ತದೆ. ಆಳ 3 ಮಿ.ಮೀ. ಇದ್ದರೆ 6 ಮಿ.ಮೀ. ಪಟ್ಟೆಯ ಬದಲು ಜೇನುಗೂಡಿನಂಥ ಆರು ಮೂಲೆಯ ಮನೆಗಳು ಕಂಡರೆ ನಡುಭಾಗ ನೋಡಿ. ದ್ರವದಲ್ಲಿ ಸಾಮಾನ್ಯವಾಗಿ ನಡುವೆ ಏರುತ್ತದೆ, ಅನಿಲದಲ್ಲಿ ಇಳಿಯುತ್ತದೆ.