ಶೆರ್ಮನ್ ಕಿಟ್‌ಗಳ ಭಾಗ ಅದಲುಬದಲು: ಯಾವುದು ಕೂರುತ್ತೆ, ಯಾವುದು ಕೂರಲ್ಲ

ಶೆರ್ಮನ್ ಅಂದರೆ ಎರಡನೇ ಮಹಾಯುದ್ಧದ ಅಮೆರಿಕದ ಟ್ಯಾಂಕ್; ಎಂ4, ಎಂ4ಎ1, ಎಂ4ಎ4 ಇವೆಲ್ಲ ಅದರ ಬಗೆಗಳು. ನಿಮ್ಮ ಹತ್ತಿರ 1/35 ಅಳತೆಯ ಎಂ4ಎ4 ಪ್ಲಾಸ್ಟಿಕ್ ಮಾದರಿಯ ಕಿಟ್ ಇದೆ, ಇನ್ನೊಂದು ಕಿಟ್‌ನಿಂದ ಉಳಿದ ಎಂ4ಎ1ರ ದುಂಡನೆಯ ಎರಕದ ಮೇಲ್ಭಾಗವೂ ಇದೆ. ಶೆರ್ಮನ್‌ಗಳೆಲ್ಲ ಒಂದೇ ಮಾದರಿ ತಾನೇ, ಇದನ್ನು ಅದರ ಮೇಲೆ ಕೂರಿಸಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ದಯವಿಟ್ಟು ಈಗಲೇ ಅಂಟು ಹಚ್ಚಬೇಡಿ. ಹಿಂದುಗಡೆ ಸುಮಾರು 8 ಮಿ.ಮೀ. ವ್ಯತ್ಯಾಸ ಬರುತ್ತೆ.

ಅಮೆರಿಕದವರು ಯುದ್ಧಕಾಲದಲ್ಲಿ ಇಡೀ ಟ್ಯಾಂಕನ್ನು ಏಕರೂಪ ಮಾಡಲಿಲ್ಲ. ಒಂದು ಭಾಗ ಇನ್ನೊಂದಕ್ಕೆ ಸೇರುವ ಜಾಗಗಳನ್ನು ಬಿಗಿಯಾಗಿ ಹಿಡಿದುಕೊಂಡರು: ಟರೆಟ್ (ತೋಪು ಹೊತ್ತು ತಿರುಗುವ ಗೋಪುರ) ಕೂರುವ 69 ಇಂಚಿನ ಬಳೆ, ಮೂತಿಯಲ್ಲಿ ಬೋಲ್ಟ್ ಹಾಕಿ ಕೂರಿಸುವ ಗೇರ್‌ಬಾಕ್ಸ್ ಕವಚ, ಪಕ್ಕಕ್ಕೆ ಬೋಲ್ಟ್ ಆಗುವ ಎರಡು ಚಕ್ರಗಳ ಬೋಗಿ, ಒಂದೊಂದೂ 6 ಇಂಚು ಉದ್ದಕ್ಕೆ ಬರುವ ಟ್ರ್ಯಾಕ್ ಲಿಂಕ್. ಮುಖ್ಯವಾಗಿ ಬಿಟ್ಟುಕೊಟ್ಟಿದ್ದು ಎಂಜಿನ್ನನ್ನು. ಬಿಡದೆ ಬೇರೆ ದಾರಿಯೂ ಇರಲಿಲ್ಲ. 1942ರಲ್ಲಿ ಉತ್ಪಾದನೆ ಶುರುವಾದಾಗ ಹಾಕಿದ್ದು ವಿಮಾನದ ಮೂಲದ ರೇಡಿಯಲ್ (ಸಿಲಿಂಡರ್‌ಗಳು ವೃತ್ತಾಕಾರವಾಗಿ ಇರುವ) ಎಂಜಿನ್, ಕಾಂಟಿನೆಂಟಲ್ ಆರ್975. ಬೇಕಾಗಿದ್ದ ಸಾವಿರಾರು ಟ್ಯಾಂಕ್‌ಗಳಿಗೆ ಅದೊಂದೇ ಸಾಲುತ್ತಿರಲಿಲ್ಲ. ಹಾಗಾಗಿ ಎಂ4 ಮತ್ತು ಎಂ4ಎ1ಕ್ಕೆ ರೇಡಿಯಲ್, ಎಂ4ಎ2ಕ್ಕೆ ಜೋಡಿ ಜಿಎಂ ಡೀಸೆಲ್, ಎಂ4ಎ3ಕ್ಕೆ ಫೋರ್ಡ್ ವಿ8. ಎಂ4ಎ4ಕ್ಕೆ ಕ್ರೈಸ್ಲರ್‌ನವರು ಆರು ಸಿಲಿಂಡರಿನ ಐದು ಕಾರ್ ಎಂಜಿನ್‌ಗಳನ್ನು ಒಟ್ಟುಗೂಡಿಸಿ 30 ಸಿಲಿಂಡರಿನ ಒಂದು ಮೂಟೆ ಕಟ್ಟಿಕೊಟ್ಟರು. ಆ ಮೂಟೆ ಮಾಮೂಲಿ ಎಂಜಿನ್ ಕೋಣೆಯಲ್ಲಿ ಹಿಡಿಸಲಿಲ್ಲ, ಟ್ಯಾಂಕಿನ ಒಡಲನ್ನು, ಅಂದರೆ ಹಲ್ ಅನ್ನು, 11 ಇಂಚು ಉದ್ದ ಮಾಡಬೇಕಾಯಿತು. 11 ಇಂಚನ್ನು 35ರಿಂದ ಭಾಗಿಸಿ ನೋಡಿ, ನಿಮ್ಮ 8 ಮಿ.ಮೀ. ಅಲ್ಲಿದೆ.

ಎಂ4ಎ4ರ ಕೆಳಗಿನ ಹಲ್ ಅನ್ನು ಕತ್ತರಿಸಿ ಮೋಟು ಮಾಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಉದ್ದ ಹೆಚ್ಚಿದ ಮೇಲೆ ಭಾರ ಹಂಚುವುದಕ್ಕೆ ಬೋಗಿಗಳನ್ನೂ ದೂರ ದೂರ ಇಟ್ಟಿದ್ದಾರೆ. ಪಕ್ಕದಿಂದ ನೋಡಿ: ಎಂ4ಎ1ರಲ್ಲಿ ಒಂದು ಬೋಗಿಯ ಹಿಂದಿನ ಚಕ್ರ, ಅದರ ಹಿಂದೆ ಬರುವ ಬೋಗಿಯ ಮೊದಲ ಚಕ್ರ ಹತ್ತಿರ ಹತ್ತಿರ ಇರುತ್ತವೆ, ಎಂ4ಎ4ರಲ್ಲಿ ನಡುವೆ ಖಾಲಿ ಜಾಗ ಎದ್ದು ಕಾಣುತ್ತೆ. ಒಂದು ಕಡೆ ಗರಗಸ ಹಾಕಿ 8 ಮಿ.ಮೀ. ತೆಗೆದರೆ ಒಂದು ಸಂದು ಕಿರಿದು, ಇನ್ನೊಂದು ಅಗಲ ಆಗಿ ಮಾದರಿ ಕೆಡುತ್ತೆ. ಎಂ4 ಅಥವಾ ಎಂ4ಎ1ರ ಕೆಳಗಿನ ಹಲ್ ಬಿಡಿಯಾಗಿ ಯಾರ ಹತ್ತಿರವಾದರೂ ಸಿಗುತ್ತಾ ನೋಡಿ, ಅದೇ ಸರಿಯಾದ ದಾರಿ.

ಟ್ರ್ಯಾಕ್ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಎಂ4ಎ4ಕ್ಕೆ ಪ್ರತಿ ಪಕ್ಕ 83 ಲಿಂಕ್; ಎಂ4, ಎಂ4ಎ1, ಎಂ4ಎ2, ಎಂ4ಎ3ಕ್ಕೆ 79. ಹಲ್ 11 ಇಂಚು ಹೆಚ್ಚಾದರೆ ಟ್ರ್ಯಾಕ್ ಮೇಲೆ ಕೆಳಗೆ ಸೇರಿ 22 ಇಂಚು ಹೆಚ್ಚು ಬೇಕು. 6 ಇಂಚಿನ ಲಿಂಕ್ ನಾಲ್ಕು ಸೇರಿಸಿದರೆ 24. ಎಂ4ಎ1 ಮಾಡುವಾಗ ನಿಮ್ಮ ಕಿಟ್‌ನ ಟ್ರ್ಯಾಕ್‌ನಿಂದ ಪ್ರತಿ ಪಕ್ಕ 4 ಲಿಂಕ್ ತೆಗೆಯಿರಿ. 1/35ರಲ್ಲಿ ಅದು 17 ಮಿ.ಮೀ. ಮೇಲೆ. ತೆಗೆಯದಿದ್ದರೆ ಟ್ರ್ಯಾಕ್ ಜೋತುಬೀಳುತ್ತೆ.

ಇನ್ನು ನಿಶ್ಚಿಂತೆಯಿಂದ ಅದಲುಬದಲು ಮಾಡಬಹುದಾದವು. ಬೋಗಿಗಳು ಅಷ್ಟೂ ನಡೆಯುತ್ತವೆ. ಕಡ್ಡಿ ಚಕ್ರ, ತಟ್ಟೆ ಚಕ್ರ ಎರಡನ್ನೂ ಒಂದೇ ಟ್ಯಾಂಕ್‌ನಲ್ಲಿ ಬೆರೆಸಿದರೂ ತಪ್ಪಲ್ಲ, ರಣರಂಗದಲ್ಲಿ ಸಿಕ್ಕಿದ್ದನ್ನು ಹಾಕಿ ಓಡಿಸಿದ ಫೋಟೋಗಳಿವೆ. ಮೂತಿಯ ಮೂರು ತುಂಡಿನ ಗೇರ್‌ಬಾಕ್ಸ್ ಕವಚ ಎಂ4ಎ1ಕ್ಕೂ ಬರುತ್ತೆ, ಆದರೆ ಅದರಲ್ಲಿ ಒಂದೇ ಎರಕದ ಕವಚವೂ ಇತ್ತು. ನೀವು ಆರಿಸಿದ ಟ್ಯಾಂಕ್‌ನ ಫೋಟೋ ನೋಡಿ ತೀರ್ಮಾನ ಮಾಡಿ. ಟರೆಟ್ ಬಳೆ 50 ಮಿ.ಮೀ. ಬರಬೇಕು, ಕ್ಯಾಲಿಪರ್ ಹಿಡಿದು ಒಮ್ಮೆ ಅಳೆಯಿರಿ. ಮುಂದೆ 76 ಮಿ.ಮೀ. ತೋಪಿನ ದೊಡ್ಡ ಟರೆಟ್ ಬಂದಾಗಲೂ ಈ ಬಳೆ ಬದಲಾಗಲಿಲ್ಲ. ಏಕರೂಪತೆಯ ನಿಜವಾದ ಲಾಭ ಅಲ್ಲಿದೆ.

ಬಳೆ ಹೊಂದಿತು ಅಂದಮಾತ್ರಕ್ಕೆ ಟರೆಟ್ ತಿರುಗುತ್ತೆ ಅಂತಲ್ಲ. ಮೊದಲ ಹಲ್‌ಗಳ ಮುಂಭಾಗದ ಇಳಿಜಾರು 56 ಡಿಗ್ರಿ, ಚಾಲಕನ ಹ್ಯಾಚ್ (ಒಳಗಿಳಿಯುವ ಬಾಗಿಲು) ಚಿಕ್ಕದು. ಆಮೇಲೆ ಬಂದ 47 ಡಿಗ್ರಿ ಹಲ್‌ಗೆ ದೊಡ್ಡ ಹ್ಯಾಚ್. ಹಳೆಯ 75 ಮಿ.ಮೀ. ಟರೆಟ್‌ನ ಹಿಂಬದಿ ತಗ್ಗು, ದೊಡ್ಡ ಹ್ಯಾಚಿಗೆ ತಾಗುತ್ತೆ. ಅದಕ್ಕೇ ಹಿಂಬದಿ ಎತ್ತರಿಸಿದ ಟರೆಟ್ ಮಾಡಿದರು. ಅಂಟು ಹಾಕುವ ಮೊದಲು ಟರೆಟ್ ಅನ್ನು ಹಾಗೇ ಕೂರಿಸಿ, ಒಂದು ಸುತ್ತು ತಿರುಗಿಸಿ, ಹಿಂಬದಿ ಹ್ಯಾಚಿನ ಮೇಲೆ ಹಾಯುವಾಗ ಉಜ್ಜುತ್ತಾ ನೋಡಿ. ನಿಮ್ಮ ಎಂ4ಎ4 ಟರೆಟ್ ಹಿಂಬದಿ ತಗ್ಗಿನದು, ಹಾಗಾಗಿ ಎರಕದ ಮೇಲ್ಭಾಗದ ಹ್ಯಾಚ್ ಚಿಕ್ಕದಿದ್ದರೆ ಮಾತ್ರ ಬಳಸಿ.

ಹಲ್ ಪಕ್ಕದ ಹೆಚ್ಚುವರಿ ತಗಡು ಹಾಕುವುದಿದ್ದರೆ ಬಲಕ್ಕೆ ಎರಡು, ಎಡಕ್ಕೆ ಒಂದು. ಒಳಗಿನ ಮದ್ದುಗುಂಡಿನ ಪೆಟ್ಟಿಗೆಗಳಿಗೆ ಅಡ್ಡವಾಗಿ ಹೊರಗಿಂದ ಬೆಸೆದ 1 ಇಂಚು ದಪ್ಪದ ತಗಡು ಅವು. 0.75 ಮಿ.ಮೀ. ಪ್ಲಾಸ್ಟಿಕ್ ಶೀಟ್ ಸಾಕು. ಎರಕದ ಹಲ್ ಬಾಗಿರುವುದರಿಂದ ಬಿಸಿನೀರಲ್ಲಿ ಅದ್ದಿ ಬಾಗಿಸಿ ಅಂಟಿಸಿ. ಗುಂಡುಗಳನ್ನು ನೆಲದ ಕೆಳಗೆ ಇಟ್ಟ ನಂತರದ ಮಾದರಿಗಳಿಗೆ ಈ ತಗಡು ಬೇಡ.

ಎಂ4ಎ4 ಕಿಟ್ಟನ್ನು ಅದರ ಪಾಡಿಗೆ ಕಟ್ಟಿಬಿಡುವುದೇ ನನಗೆ ಇಷ್ಟ. ಬ್ರಿಟಿಷರು ಅದನ್ನು ಶೆರ್ಮನ್ 5 ಅಂತ ಕರೆದರು, 1945ರಲ್ಲಿ ಬರ್ಮಾದ ಮೇಕ್ಟಿಲಾಗೆ ನುಗ್ಗಿದ 255ನೇ ಇಂಡಿಯನ್ ಟ್ಯಾಂಕ್ ಬ್ರಿಗೇಡ್‌ನಲ್ಲಿ ನಮ್ಮ ಸವಾರರು ಓಡಿಸಿದ್ದೂ ಅದನ್ನೇ. ಟರೆಟ್ ಹಿಂದೆ ಎಂಜಿನ್ ಮುಚ್ಚಳದ ಮೇಲೊಂದು ಗುಬುಟು ಇರುತ್ತೆ, ಫ್ಯಾನ್‌ಗೆ ಜಾಗ ಮಾಡಿದ್ದು. ಅದನ್ನು ಅಚ್ಚಿನ ದೋಷ ಅಂದುಕೊಂಡು ಉಜ್ಜಿಬಿಡಬೇಡಿ.