ಖಾಲಿ ಮನೆಗೆ ಕಾಲಿಡುವಾಗ ಸಲಾಂ

ಮನೆಯಲ್ಲಿ ಯಾರೂ ಇಲ್ಲದಿದ್ದಾಗಲೂ ಸಲಾಂ ಹೇಳಬೇಕಾ, ಮನೆಗೆ ಕಾಲಿಡುವಾಗ ಹೇಳುವ ದೊಡ್ಡ ದುಆ (ಪ್ರಾರ್ಥನೆ) ಬಾಯಿಗೆ ಬರದಿದ್ದರೆ ಏನು ಮಾಡಲಿ ಅಂತ ಕೇಳಿದ್ದೀರಿ. ಖಂಡಿತ ಹೇಳಿ. ಕುರ್‌ಆನಿನ ಅನ್ನೂರ್ ಅಧ್ಯಾಯದ 61ನೇ ವಚನದಲ್ಲೇ ಮನೆಯೊಳಗೆ ಹೋಗುವಾಗ ಸಲಾಂ ಹೇಳಿ ಅಂತಿದೆ. ಒಳಗೆ ಯಾರೂ ಇಲ್ಲದಿದ್ದರೆ 'ಅಸ್ಸಲಾಮು ಅಲೈನಾ ವ ಅಲಾ ಇಬಾದಿಲ್ಲಾಹಿಸ್ಸಾಲಿಹೀನ್' ಅನ್ನಿ, ಅಂದರೆ ನಮ್ಮ ಮೇಲೂ ಅಲ್ಲಾಹನ ಸಜ್ಜನ ದಾಸರ ಮೇಲೂ ಶಾಂತಿ ಇರಲಿ ಅಂತ. ನಮಾಜಿನಲ್ಲಿ ಕೂತು ಹೇಳುವ ಅತ್ತಹಿಯ್ಯಾತ್ ಎಂಬ ಪ್ರಾರ್ಥನೆಯಲ್ಲಿ ದಿನಾ ಹೇಳುವ ಮಾತೇ ಇದು, ಹೊಸದೇನೂ ಅಲ್ಲ, ಅಲ್ವಾ? ದೊಡ್ಡ ದುಆ ಬರುವವರೆಗೆ ಬಿಸ್ಮಿಲ್ಲಾಹ್ (ಅಲ್ಲಾಹನ ಹೆಸರಿನಿಂದ) ಹೇಳಿ. ಮನೆಗೆ ಬರುವಾಗಲೂ ಊಟಕ್ಕೆ ಕೂರುವಾಗಲೂ ಅಲ್ಲಾಹನನ್ನು ನೆನೆದರೆ, 'ಇಲ್ಲಿ ನಿಮಗೆ ತಂಗಲು ಜಾಗವೂ ಇಲ್ಲ, ರಾತ್ರಿಯ ಊಟವೂ ಇಲ್ಲ' ಅಂತ ಶೈತಾನ ತನ್ನವರಿಗೆ ಹೇಳುತ್ತಾನೆ ಎಂಬ ಹದೀಸ್ (ಪ್ರವಾದಿಯವರ ಮಾತು) ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿದೆ. ನನಗೆ ತುಂಬಾ ಇಷ್ಟದ ಹದೀಸ್ ಅದು. ಆಮೇಲೆ ನಿಧಾನವಾಗಿ ಆ ದೊಡ್ಡ ದುಆವನ್ನು 'ಬಿಸ್ಮಿಲ್ಲಾಹಿ ವಲಜ್ನಾ' (ಅಲ್ಲಾಹನ ಹೆಸರಿನಿಂದ ಒಳಗೆ ಬಂದೆವು) ಅನ್ನುವ ತುಂಡಿನಿಂದ ಕಲಿಯಲು ಶುರು ಮಾಡಿ.